ಸುಭಾನಸಾಬನ ಹಾರೆ

ಪರವೂರಿನಿಂದ ಬಂದ ಬೋಧಕನ ಮಾತು ಗಜೇಂದ್ರಗಡದ ಪುಟ್ಟ ಚರ್ಚಿನ ಹುಡುಗರ ನೆತ್ತಿಗೇರಿತ್ತು. ಬೈಬಲಿನ ಗಿದ್ಯೋನನು ಬಾಳನೆಂಬ ದೇವತೆಯ ಬಲಿಪೀಠವನ್ನು ಒಡೆದಂತೆ ನೀವೂ ಸುಳ್ಳುದೇವರ ಗುಡಿಗಳನ್ನು ಒಡೆಯಿರಿ ಎಂದು ಹುರಿದುಂಬಿಸಿ, ಆತ ಮಧ್ಯಾಹ್ನದ ಸರ್ವಿಸ್ ಮೋಟಾರು ಹತ್ತಿ ಹೋಗಿದ್ದ. ಸಂಜೆಯ ಹೊತ್ತಿಗೆ ಐದಾರು ಜನ ರಾಜೂರ ದಾರಿಯ ದರ್ಗಾ ಒಡೆಯಲು ಸಜ್ಜಾದರು. ಅವರ ಮುಂದಾಳು ವಿಧವೆ ಏಸ್ತೇರವ್ವನ ಮಗ ದಾನಿಯೇಲನೇ; ಎಲ್ಲರೂ ಸೇರಿದ್ದೂ ಅವನ ಮನೆಯಲ್ಲೇ.

ಏಸ್ತೇರವ್ವನ ಕಣ್ಣು ಮೊದಲು ಬಿದ್ದದ್ದು ಮಗನ ಕೈಯಲ್ಲಿದ್ದ ಕಬ್ಬಿಣದ ಹಾರೆಯ ಮೇಲೆ. ಈ ಕಲ್ಲುನೆಲದಲ್ಲಿ ಕ್ರೈಸ್ತರ ಪೈಕಿ ಯಾರೇ ಸತ್ತರೂ, ಕುಣಿ ತೋಡಲು ದರ್ಗಾ ನೋಡಿಕೊಳ್ಳುವ ಕಲ್ಲುಕುಟಿಗ ಸುಭಾನಸಾಬನ ಹಾರೆಯನ್ನೇ ಕೇಳಿ ತರುವುದು ರೂಢಿ. ಹೋದ ತಿಂಗಳು ಆಕೆಯ ಗಂಡನಿಗಾಗಿ ತಂದದ್ದು ಇನ್ನೂ ಮನೆಯಲ್ಲೇ ಇತ್ತು.

ಆಕೆ ಬಾಗಿಲಿಗೆ ಅಡ್ಡ ನಿಂತಳು.

"ಯವ್ವಾ, ಹಾದಿ ಬಿಡಬೇ. ಇದು ದೇವರ ಕೆಲಸ," ಎಂದ ದಾನಿಯೇಲ.

"ದೇವರ ಕೆಲಸಕ್ಕ ಸುಭಾನಸಾಬನ ಹಾರಿ ಯಾಕ ಬೇಕೋ? ನಿಮ್ಮಪ್ಪನ ಕುಣ್ಯಾಗ ಬಂಡೆಗಲ್ಲು ಅಡ್ಡ ಬಂದು ನೀವೆಲ್ಲಾ ಕೈಚೆಲ್ಲಿದಾಗ, ಇದನ್ನ ಹಿಡದು ತೋಡಿದಾಂವ ಅಂವ. ಮೊದಲ ಹೋಗಿ ನಿಮ್ಮಪ್ಪನ ಗೋರಿ ಒಡೀ. ಆಮ್ಯಾಲೆ ದರ್ಗಾಕ್ಕ ಹೋಗು."

ಆಕೆ ಹಾರೆಯನ್ನು ಕಸಿದು ಹೆಗಲಿಗೇರಿಸಿ ರಾಜೂರ ದಾರಿ ಹಿಡಿದಳು. ಹಿಂದೆ ಒಬ್ಬನೂ ಹೆಜ್ಜೆ ಎತ್ತಿಡಲಿಲ್ಲ.

ಮನೆಯ ಮುಂದೆ ಕೂತಿದ್ದ ಸುಭಾನಸಾಬ ಆಕೆಯನ್ನು ಕಂಡು ಗಡಬಡಿಸಿ ಎದ್ದ. "ನೀವ್ಯಾಕ ಹೊತಗೊಂಡ ಬಂದ್ರಿ ಅಕ್ಕಾರ? ಅಲ್ಲೇ ಇರ್ಲಿ ಬಿಡ್ರಿ, ಮತ್ತ ಯಾರಿಗರೆ ಕುಣಿ ತೋಡೂದು ಬಂದ್ರ?"

"ಬಂದಿತ್ತಪಾ," ಎಂದಳು ಏಸ್ತೇರವ್ವ, ಹಾರೆಯನ್ನು ಅವನ ಗೋಡೆಗೆ ಒರಗಿಸುತ್ತ. "ಈಗಷ್ಟ ತಪ್ಪಿಸಿ ಬಂದೇನಿ."