ದೇವರ ದಯೆಯಿದ್ದರೆ

ಕ್ಲೆಮೆನ್ಸಿಯಾಳ ಬಾಯಲ್ಲಿ ನಾಳೆಯ ಮಾತು ಬಂದರೆ ಅದರ ಬೆನ್ನಿಗೇ 'ದೇವರ ದಯೆಯಿದ್ದರೆ' ಎಂಬುದೂ ಬರಲೇಬೇಕು. ಪನಾಯ್ ದ್ವೀಪದ ಆ ಕಡಲೂರಿನಲ್ಲಿ ಎಲ್ಲರೂ ಹಾಗೆ ಅನ್ನುವವರೇ. ಆದರೆ ಬೇರೆಯವರು ಅಭ್ಯಾಸದಿಂದ ಅನ್ನುತ್ತಾರೆ, ಇವಳು ಹೆದರಿ ಅನ್ನುತ್ತಾಳೆ. ಗಂಡ ಒಂದು ಬೆಳಗ್ಗೆ "ಗುರುವಾರ ಬರ್ತೀನಿ" ಎಂದಷ್ಟೇ ಹೇಳಿ ದೋಣಿ ಹತ್ತಿದ್ದ. ದೋಣಿಯ ಹಲಗೆಯೂ ಸಿಗಲಿಲ್ಲ.

ಈಗ ಮಗಳು ಅರ್ಲಿನ್ ಯುರೋಪಿನ ಆಸ್ಪತ್ರೆಯೊಂದರಲ್ಲಿ ಮಲಗಿದ್ದಳು. ಅಲ್ಲಿ ವರ್ಷಗಟ್ಟಲೆ ಮುದುಕರ ಮೈ ತೊಳೆದವಳು, ಈಗ ಅವಳ ಮೈಯನ್ನು ಬೇರೆ ಯಾರೋ ತೊಳೆಯುತ್ತಿದ್ದರು. ಕ್ಯಾನ್ಸರ್ ಮೂಳೆಗೆ ಇಳಿದಿದೆ, ತಾಯಿ ಬರುವುದಿದ್ದರೆ ಬೇಗ ಬರಲಿ ಎಂದು ಡಾಕ್ಟರು ಹೇಳಿದ್ದರು. ಟಿಕೆಟ್ಟನ್ನು ಅರ್ಲಿನ್‌ಳ ಗೆಳತಿಯರು ನೋಡಿಕೊಂಡಿದ್ದರು. ಬಾಕಿ ಇದ್ದದ್ದು ವೀಸಾ ಒಂದೇ.

ಊರಿನ ಮೀನಿನ ಡಬ್ಬಿ ಕಾರ್ಖಾನೆ ಮುಚ್ಚಿದ ಮೇಲೆ ಆ ಊರಿನಿಂದ ವೀಸಾಕ್ಕೆ ಅರ್ಜಿ ಹಾಕಿದವರೆಲ್ಲ ಪೆಚ್ಚುಮೋರೆ ಹಾಕಿಕೊಂಡು ಮರಳಿದ್ದರು. ಮೊದಲಾದರೆ ಕಾರ್ಖಾನೆಯ ಸಂಬಳದ ಚೀಟಿ ತೋರಿಸಿದರೆ ನಡೆಯುತ್ತಿತ್ತು. ಕ್ಲೆಮೆನ್ಸಿಯಾಳಿಗೆ ಈಗ ಉಳಿದದ್ದು ಒಣಮೀನಿನ ಬುಟ್ಟಿ. ಬುಟ್ಟಿಗೆ ಯಾರು ಸಂಬಳದ ಚೀಟಿ ಬರೆದುಕೊಡುತ್ತಾರೆ?

"ಅವರ ಲೆಕ್ಕ ಇಷ್ಟೇ ಅತ್ತಿಗೆ," ಎಂದಳು ನಾದಿನಿ ಪಸಿಂಗ್, ವೀಸಾ ಕಚೇರಿಗೆಂದು ಮನಿಲಾಕ್ಕೆ ಹೊರಟ ಹಡಗಿನಲ್ಲಿ. "ಊರಲ್ಲಿ ಅನ್ನ ಇಲ್ದೋರು ವಾಪಸ್ ಯಾಕ್ ಬರ್ತಾರೆ ಅಂತ. ಬರ್ತೀಯಾ ಅಂತ ಕೇಳ್ತಾರೆ. ಹೂಂ ಅನ್ನು, ಬಾಯ್ ಮುಚ್ಕೋ. ದೇವರನ್ನ ಮಧ್ಯಕ್ಕೆ ಎಳೀಬೇಡ."

"ಎಳೆಯಲ್ಲ ಕಣೇ, ದೇವರ ದಯೆಯಿದ್ರೆ."

"ಅಯ್ಯೋ, ನಿನ್ನ ಬಾಯಿಗೆ ಒಣಮೀನೇ ತುರುಕ್ಬೇಕು!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕಚೇರಿಯ ಗಾಜಿನ ಆಚೆ ಒಬ್ಬ ಅಧಿಕಾರಿ, ಪಕ್ಕದಲ್ಲಿ ಮಾತನ್ನು ಅವನ ಭಾಷೆಗೆ ತಿರುಗಿಸಿ ಹೇಳುವ ಹುಡುಗಿ. ಅಧಿಕಾರಿ ಊರಿನ ಹೆಸರನ್ನು ಎರಡು ಸಲ ಓದಿದ.

"ಏನು ಕೆಲಸ ಮಾಡ್ತೀರಿ ಅಮ್ಮಾ?" ಎಂದಳು ಹುಡುಗಿ.

"ಮೀನು ಮಾರ್ತೀನಿ."

"ಸ್ವಂತ ಮನೆ?"

"ಮೈದುನನ ಹೆಸರಲ್ಲಿದೆ."

"ಮಗಳನ್ನ ನೋಡ್ಕೊಂಡು ಖಂಡಿತ ವಾಪಸ್ ಬರ್ತೀರಾ?"

ಹೂಂ ಎನ್ನಲು ಕ್ಲೆಮೆನ್ಸಿಯಾ ಬಾಯಿ ತೆರೆದಳು. ಗಂಡ ಮೆಟ್ಟಿಲಿಳಿದು ಹೋದದ್ದು ಕಣ್ಣಮುಂದೆ ಬಂತು. ಅರ್ಲಿನ್ ಇನ್ನೂ ಉಸಿರಾಡುತ್ತಿದ್ದಾಳೆ. ಅಂಥ ಹೊತ್ತಿನಲ್ಲಿ ಬೋಳು ಮಾತು ಆಡುವುದುಂಟೇ?

"ಬರ್ತೀನಿ ತಾಯೀ," ಎಂದಳು. ಆಮೇಲೆ ಮೆಲ್ಲಗೆ, "ದೇವರ ದಯೆಯಿದ್ರೆ."

ಹುಡುಗಿ ತಡವರಿಸಿದಳು. ಕೊನೆಗೆ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದಳು. ಅಧಿಕಾರಿ ಪೆನ್ನು ಎತ್ತಿಕೊಂಡ.

ಮರಳುವುದು ಖಚಿತವಿಲ್ಲ, ವೀಸಾ ಕೊಡಲಾಗದು ಎಂಬ ಉತ್ತರ ಮುಂದಿನ ವಾರ ಬಂತು.

"ಒಂದು ಹೂಂ ಅನ್ನೋಕೆ ನಿನಗೇನಾಗಿತ್ತು!" ಎಂದು ಪಸಿಂಗ್ ಎದೆ ಬಡಿದುಕೊಂಡು ಅತ್ತಳು. ಹೂಂ ಅಂದಿದ್ದರೂ ಅಷ್ಟೇ ಆಗುತ್ತಿತ್ತು. ಕಾರ್ಖಾನೆ ಮುಚ್ಚಿದ ಊರು, ಮೀನಿನ ಬುಟ್ಟಿ, ಇನ್ನೊಬ್ಬರ ಮನೆ: ಇಷ್ಟರಲ್ಲೇ ಅವರು ತೀರ್ಮಾನ ಮಾಡಿಯಾಗಿತ್ತು. ಬಡವರು ಆಣೆ ಇಟ್ಟರೂ ನಂಬದವರು ದೇವರನ್ನು ನಂಬುತ್ತಾರೆಯೇ? ಆದರೆ ಅದನ್ನು ಕ್ಲೆಮೆನ್ಸಿಯಾಳಿಗೆ ಹೇಳುವವರು ಯಾರು? ತನ್ನ ನಾಲಿಗೆಯೇ ಎಲ್ಲ ಕೆಡಿಸಿತೆಂದು ಅವಳು ನಂಬಿಬಿಟ್ಟಳು.

ಭಾನುವಾರ ಅರ್ಲಿನ್ ಫೋನ್ ಮಾಡಿದಳು. ದನಿ ಬತ್ತಿಹೋಗಿತ್ತು.

"ಅಮ್ಮಾ, ವೀಸಾ ಸಿಕ್ತಾ?"

"ಸಿಕ್ತು ಮಗಾ."

"ಬರ್ತೀಯಲ್ಲಾ?"

"ಬರ್ತೀನಿ. ಬರೋ ಗುರುವಾರ ಬರ್ತೀನಿ."

"ಅಮ್ಮಾ," ಎಂದಳು ಅರ್ಲಿನ್, "ದೇವರ ದಯೆಯಿದ್ರೆ ಅಂತ ನೀನು ಅನ್ಲೇ ಇಲ್ಲ."