ಎರಡನೆಯ ನೆಲಬಾಂಬ್

ಕುರುನೇಗಲದಿಂದ ಹೊರಟ ಯಾತ್ರೆಯ ಬಸ್ಸು ನಾಗದೀಪದ ಬುದ್ಧನ ದರ್ಶನ ಮುಗಿಸಿ, ವಾಪಸು ಬರುವಾಗ ಯುದ್ಧಸ್ಮಾರಕದ ಮುಂದೆ ನಿಂತಿತು. ಸ್ಮಾರಕವಾಗಿ ಹಾಗೇ ಬಿಟ್ಟಿದ್ದ, ಉರುಳಿಬಿದ್ದ ನೀರಿನ ಟ್ಯಾಂಕಿಗೆ ಒರಗಿ ಎಲ್ಲರೂ ಫೋಟೊ ತೆಗೆಸಿಕೊಳ್ಳುವವರೇ. ರತ್ನಪಾಲನನ್ನಂತೂ ಹಿಡಿಯುವವರಿರಲಿಲ್ಲ. ಹದಿನೈದು ವರ್ಷದ ಹಿಂದೆ, ತಮಿಳು ಹುಲಿಗಳ ವಿರುದ್ಧದ ಯುದ್ಧದಲ್ಲಿ, ಇಲ್ಲೇ ಕಾವಲಿದ್ದ ಸಿಪಾಯಿ ಅವನು. ಬಸ್ಸು ಹತ್ತಿದಾಗಿನಿಂದ ಬಾಯಿಗೆ ಬಿಡುವು ಕೊಟ್ಟಿರಲಿಲ್ಲ.

"ನೆಲಬಾಂಬ್ ಹೂತಿದ್ದೆಲ್ಲಾ ಆ ಕಡೆಯವ್ರು. ನಾವು ಮುಟ್ಟಿದೋರೇ ಅಲ್ಲ. ಎದುರೆದುರು ನಿಂತು ಹೊಡೆದಾಡ್ದೋರು ನಾವು!" ಎಂದು ಎದೆ ತಟ್ಟಿಕೊಂಡ. ರಸ್ತೆಯಾಚೆ, ಬುರುಡೆ ಬರೆದ ಕೆಂಪು ಫಲಕಗಳ ನಡುವೆ, ನೆಲಬಾಂಬ್ ತೆಗೆಯುವ ತಮಿಳು ಹೆಂಗಸರು ಮಂಡಿಯೂರಿ ಮಣ್ಣು ಕೆದಕುತ್ತಿದ್ದರು.

ಅವನ ಹೆಂಡತಿ ಸೋಮಲತಾಳ ತಮ್ಮ ತಿಲಕಸಿರಿಗೆ ಈ ಪುರಾಣ ಕೇಳಿ ಕಿವಿ ತೂತಾಗಿತ್ತು. "ಭಾವಾ, ನಿಮ್ಮ ಯುದ್ಧ ಮುಗಿಯೋದ್ರೊಳಗೆ ನಾನು ಅಯ್ಯನಾಯಕನಿಗೆ ಸೊಪ್ಪು ಕಟ್ಟಿ ಬಂದ್ಬಿಡ್ತೀನಿ," ಎಂದು ಹೊರಟ. ಕಾಡು ಶುರುವಾಗುವಲ್ಲಿ ಹಸಿ ಟೊಂಗೆಯೊಂದನ್ನು ಮುರಿದು ಆ ದೇವರ ಹೆಸರಿನಲ್ಲಿ ಮರಕ್ಕೆ ತೂಗುಹಾಕದೆ ಅವರ ಕಡೆಯವರು ಮುಂದೆ ಹೋಗುವುದಿಲ್ಲ. ಆನೆ ಅಡ್ಡ ಬರಬಾರದಲ್ಲ! ಕೆಂಪು ಫಲಕಗಳು ಮುಗಿದ ಕಡೆ ಭಯವೂ ಮುಗಿಯಿತೆಂದುಕೊಂಡು ಅವನು ಪೊದೆಗೆ ನುಗ್ಗಿದ.

ಸದ್ದೇನೂ ದೊಡ್ಡದಿರಲಿಲ್ಲ. ಧೂಳು ಇಳಿದಾಗ ತಿಲಕಸಿರಿಯ ಬಲಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಹರಿದ ಮಾಂಸದಿಂದ ರಕ್ತ ಚಿಮ್ಮುತ್ತಿತ್ತು. "ಅಕ್ಕಾ! ಅಕ್ಕಾ!" ಎಂದು ಅವನು ನೆಲ ಪರಚುತ್ತಿದ್ದ.

ಸೋಮಲತಾ ಓಡಿದಳು. ರತ್ನಪಾಲ ಬೆನ್ನಟ್ಟಿ ಅವಳ ಜಡೆಗೆ ಕೈಹಾಕಿ ಕೆಡವಿದ. ಅವಳು ಅವನ ಮುಂಗೈ ಕಚ್ಚಿದಳು. ಅವನು ಮುಖಕ್ಕೆ ಗುದ್ದಿದ, ತುಟಿ ಒಡೆಯಿತು.

"ಬಿಡ್ರೀ! ನನ್ನ ತಮ್ಮ ಸಾಯ್ತಿದಾನೆ!"

"ಹೋಗ್ಬೇಡ ಕಣೇ! ಕಾಲು ಹಿಡೀತೀನಿ, ಹೋಗ್ಬೇಡ!"

ಬಸ್ಸಿನವರು ಸುಮ್ಮನಿರುತ್ತಾರೆಯೇ? ಡ್ರೈವರ್ ಪಕ್ಕೆಗೆ ಒದ್ದ. ಇನ್ನೊಬ್ಬ ಚಪ್ಪಲಿಯಲ್ಲೇ ಬಾರಿಸಿದ. "ಥೂ ಹೇಡಿ! ಇವನೇನಾ ಎದುರೆದುರು ನಿಂತೋನು?" ಎಷ್ಟು ಬಿದ್ದರೂ ಅವನು ಹೆಂಡತಿಯ ಸೊಂಟ ಬಿಡಲಿಲ್ಲ.

ಅಷ್ಟರಲ್ಲಿ ನೆಲಬಾಂಬ್ ತೆಗೆಯುವವರಲ್ಲಿ ಒಬ್ಬಳು, ತವಮಲರ್, ಬಂದು ಕೂಗಿದಳು: "ಯಾರೂ ಅಲ್ಲಾಡ್ಬೇಡಿ! ನೆಲ ನೋಡ್ಕೊಂಡೇ ಹೋಗ್ಬೇಕು. ಅರ್ಧ ಗಂಟೆಯಾದ್ರೂ ಬೇಕು."

ಅರ್ಧ ಗಂಟೆ ಆ ಮೈಯಲ್ಲಿ ರಕ್ತ ಉಳಿಯುತ್ತದೆಯೇ? ರತ್ನಪಾಲ ಕಣ್ಣು ಮುಚ್ಚಿಕೊಂಡ. ಇಷ್ಟು ವರ್ಷ ಕಟ್ಟಿಕೊಂಡ ಮಾನವೆಲ್ಲ ಈ ಜನರೆದುರೇ ಹೋಗಬೇಕಿತ್ತು.

"ಆ ಹುಣಸೆಮರದ ಕಡೆಯಿಂದ ಹೋಗಮ್ಮ. ಆ ಸಾಲಲ್ಲಿ ಏನೂ ಇಲ್ಲ. ಆದ್ರೆ ಅವನ ಎಡಕ್ಕೆ ಮೊಣಕಾಲೂರ್ಬೇಡ. ಒಂದು ಮೊಳ ಬಿಟ್ಟು ಇನ್ನೊಂದಿದೆ."

"ನಿಮಗೆ ಹೇಗೆ ಗೊತ್ತು?"

"ನಾನೇ ಹೂತಿದ್ದು."

ಒದೆಯುತ್ತಿದ್ದ ಡ್ರೈವರ್ ಕಾಲನ್ನು ಹಿಂದಕ್ಕೆಳೆದುಕೊಂಡ. ತವಮಲರ್ ರತ್ನಪಾಲನ ಮುಖವನ್ನು ಒಂದು ಕ್ಷಣ ನೋಡಿ ಹುಣಸೆಮರದ ಕಡೆಗೆ ನಡೆದಳು. ಅಂಗೈಯಗಲ ನೆಲವನ್ನೂ ಬಿಡದೆ ಬಾಂಬ್ ಪತ್ತೆಯ ಯಂತ್ರ ಆಡಿಸುತ್ತ ಸರಸರನೆ ಸಾಗಿದಳು. ತಿಲಕಸಿರಿಯ ಎಡಕ್ಕೆ, ಸರಿಯಾಗಿ ಒಂದು ಮೊಳ ಬಿಟ್ಟು, ಯಂತ್ರ ಕಿರುಚಿತು. ಅವಳು ಅಲ್ಲಿ ಕೆಂಪು ಗೂಟ ನೆಟ್ಟು, ಅವನ ತೊಡೆಗೆ ಪಟ್ಟಿ ಬಿಗಿದು, ತೋಳಿಗೆ ತೋಳು ಕೊಟ್ಟು ಹೊರಗೆಳೆದು ತಂದಳು. ಜೀವವಿತ್ತು.

ಆಂಬ್ಯುಲೆನ್ಸಿಗೆ ಏರಿಸುವಾಗ ಸೋಮಲತಾ ಒಡೆದ ತುಟಿ ಒರೆಸಿಕೊಳ್ಳುತ್ತ ಕೇಳಿದಳು: "ಮೊದಲನೇದು ಶತ್ರುಗಳಿಗೆ. ಎರಡನೇದು ಯಾರಿಗೆ ಇಟ್ಟಿದ್ರಿ?"

ಅವನು ಸ್ಟ್ರೆಚರಿಗೆ ಕೈಕೊಡಲು ಹೋದ.

"ಕೇಳ್ತಿರೋದು ನಿಮ್ಮನ್ನೇ."

"ಬಿದ್ದೋನ್ನ ಎತ್ತೋಕೆ ಬರೋರಿಗೆ," ಎಂದ. "ಸೈನ್ಯದ ನಕ್ಷೆಯಲ್ಲಿ ಹಾಕಿರ್ಲಿಲ್ಲ. ನಾವು ನಾಲ್ಕು ಜನ ಸೇರಿ... ಹುಡುಗಾಟಕ್ಕೆ..."

ಕೈಗವಸು ಕಳಚುತ್ತಿದ್ದ ತವಮಲರ್, "ನಮ್ಮಣ್ಣನ್ನ ಎತ್ತೋಕೆ ನಮ್ಮಪ್ಪ ಹೋಗಿದ್ರು," ಎಂದಷ್ಟೇ ಹೇಳಿದಳು.

ರತ್ನಪಾಲ ಆಂಬ್ಯುಲೆನ್ಸಿನ ಮೆಟ್ಟಿಲಿಗೆ ಕಾಲಿಟ್ಟ. ಸೋಮಲತಾ ಎದೆಗೆ ಕೈಕೊಟ್ಟು ಅವನನ್ನು ಕೆಳಕ್ಕೆ ನೂಕಿದಳು.

"ಉಳಿದವು ಎಲ್ಲೆಲ್ಲಿವೆ ಅಂತ ಆ ಹುಡುಗಿಗೆ ತೋರ್ಸಿ," ಎಂದಳು. "ತೋರ್ಸಿದ ಮೇಲೂ ಮನೆಗೆ ಬರ್ಬೇಡಿ."