ಯಾರ ಪಾಲಿಗೂ ಸೇರದ ತುಂಡು

ಪಾಲು ಎಂಬ ಮಾತು ಕಿವಿಗೆ ಬಿದ್ದರೆ ಮೇಲೂರಿನ ರಾಮಾಂಜಿನಪ್ಪನವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಸರಪಳಿ ಹಿಡಿದು ಎಷ್ಟೋ ಅಣ್ಣತಮ್ಮಂದಿರ ಹೊಲ ಅಳೆದು ಹಂಚಿಕೊಟ್ಟವರು. ಆ ಬೆಳಿಗ್ಗೆ ಮೊಮ್ಮಗಳು ಶಿರೀಷಾ ಜಗಲಿಯ ಮೇಲೆ ಕೂತು, "ಇದನ್ನ ಎರಡು ಪಾಲು ಮಾಡ್ಬೇಕು ತಾತ" ಎಂದದ್ದೇ ತಡ, ಕನ್ನಡಕ ಒರೆಸಿಕೊಂಡು ಪಕ್ಕದಲ್ಲಿ ಬಂದು ಕೂತರು.

ಅವಳ ಕೈಯಲ್ಲಿದ್ದದ್ದು ಎರಡೂ ಕಡೆ ಗುಂಡಿಗಳಿದ್ದ ಪುಟ್ಟ ಕಂಪ್ಯೂಟರು. ಅವಳೂ ಅಣ್ಣ ಮುರಳಿಮೋಹನನೂ ಕೂಡಿ ಕೊಂಡದ್ದು. ಅವನಿಗೆ ಆಟವಾಡಲು ವಿಂಡೋಸ್ ಸಾಕು. ಇವಳಿಗೆ ರೇಷ್ಮೆ ಹುಳುಮನೆಯ ಶಾಖ, ತೇವ ಬರೆದಿಡುವ ಪ್ರೋಗ್ರಾಮಿಗೆ ಲಿನಕ್ಸ್ ಬೇಕು. ಗೂಡು ಹಾಕಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಡುವಾಗ ಮುರಳಿ ಖಡಾಖಂಡಿತವಾಗಿ ಹೇಳಿದ್ದ: "ನಾನು ಬರೋವಷ್ಟ್ರಲ್ಲಿ ನನ್ನದು ಮೊದಲಿನ ಥರಾನೇ ತೆರ್ಕೋಬೇಕು. ಇಲ್ಲಾಂದ್ರೆ ಇನ್ಮೇಲೆ ನಿಂಗೂ ನಂಗೂ ಯಾವುದೂ ಜಂಟಿ ಇಲ್ಲ."

ಪರದೆಯ ಮೇಲೆ ಡಿಸ್ಕು ಉದ್ದನೆಯ ಪಟ್ಟಿಯಾಗಿ ಕಾಣುತ್ತಿತ್ತು.

"ಇದೆಲ್ಲಾ ಅಣ್ಣಂದು. ಈ ಕೊನೇಲಿ ಖಾಲಿ ಇರೋದನ್ನ ಕತ್ತರಿಸಿ ನಾನು ತಗೋತೀನಿ."

"ಬದು ಎಲ್ಲಿಗೆ ಬರ್ತದೆ?"

ಶಿರೀಷಾ ಗೆರೆಯನ್ನು ಬೆರಳಿನಲ್ಲಿ ಎಳೆದು ತೋರಿಸಿದಳು. ತಾತ ಬಗ್ಗಿ ನೋಡಿದರು. ಸರಪಳಿಯಿಲ್ಲ, ಕಲ್ಲಿಲ್ಲ, ಜಗಳವಾಡುವ ಜನರಿಲ್ಲ. ಇಷ್ಟು ಸಲೀಸಾದ ಪಾಲನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಕಣ್ಣು ಪಟ್ಟಿಯ ಮೊದಲ ತುದಿಗೆ ಹೋಯಿತು.

"ಈ ಚೂರು ಯಾರದಮ್ಮ?"

ಕಡ್ಡಿಯಷ್ಟು ಸಣ್ಣ ತುಂಡು. ಹೆಸರೂ ಇಲ್ಲ.

"ಏನೋ ಕಸ ತಾತ. ಅಳಿಸಿಬಿಡ್ತೀನಿ."

"ತಡಿಯಮ್ಮ. ಮೊದಲ್ನೇ ತುದೀಲಿದೆ, ಸಣ್ಣದಿದೆ, ಯಾರ ಹೆಸರೂ ಇಲ್ಲ. ಹೊಲದಲ್ಲಾದ್ರೆ ಅದು ಬಂಡಿದಾರಿ. ಅದನ್ನ ಯಾರ ಪಾಲಿಗೂ ಹಾಕಲ್ಲ, ಇಬ್ಬರೂ ಅದರ ಮೇಲೇ ಓಡಾಡ್ಬೇಕು. ಅದೇನೂಂತ ನೋಡ್ಕೊಂಡು ಆಮೇಲೆ ಕೈ ಹಾಕು."

ಶಿರೀಷಾ ನಗುತ್ತಲೇ ಫೋನಿನಲ್ಲಿ ಹುಡುಕಿದಳು. ಓದುತ್ತಾ ಓದುತ್ತಾ ನಗು ನಿಂತಿತು. ಕಂಪ್ಯೂಟರು ಎದ್ದ ಕೂಡಲೇ ಮೊದಲು ಹೋಗುವುದು ಆ ತುಂಡಿಗೇ. ಯಾವ ಕಡೆ ತೆರೆಯಬೇಕೆಂಬುದು ಅಲ್ಲಿಂದಲೇ ತಿಳಿಯುವುದು. ಅಳಿಸಿದ್ದರೆ ಮುರಳಿಯ ಪಾಲಿನಲ್ಲಿ ಎಲ್ಲವೂ ಇದ್ದಲ್ಲೇ ಇರುತ್ತಿತ್ತು, ಅಲ್ಲಿಗೆ ಹೋಗಲು ಮಾತ್ರ ಆಗುತ್ತಿರಲಿಲ್ಲ.

"ತಾತ, ನಿಜವಾಗ್ಲೂ ದಾರೀನೇ ಕಣಪ್ಪ. ನಿಂಗೆ ಹೆಂಗೆ ಗೊತ್ತಾಯ್ತು?"

ತಾತ ಕನ್ನಡಕ ತೆಗೆದು ಹೊಲದ ಕಡೆ ನೋಡಿದರು. ಊರಿಗೆಲ್ಲ ದಾರಿ ಬಿಡಿಸಿಕೊಟ್ಟವರು, ತಮ್ಮ ಕೋನಪ್ಪನೊಂದಿಗೆ ಪಾಲಾದಾಗ ಮಾತ್ರ ಬಂಡಿದಾರಿಯನ್ನು ತಮ್ಮ ಕಡೆಗೇ ಸೇರಿಸಿ ಮುಳ್ಳುತಂತಿ ಎಳೆದಿದ್ದರು. ಕೋನಪ್ಪ ಜಗಳಕ್ಕೆ ನಿಂತಿರಲಿಲ್ಲ. ಅಂದಿನಿಂದ ಹಿಪ್ಪುನೇರಳೆ ಸೊಪ್ಪನ್ನು ತಲೆಯ ಮೇಲೆ ಹೊತ್ತು ಕೆರೆ ಸುತ್ತಿಕೊಂಡು ಬರುತ್ತಿದ್ದಾನೆ. ನೆನೆದು ರಾಮಾಂಜಿನಪ್ಪನವರಿಗೆ ನಾಚಿಕೆಯಾಯಿತು.

ಶಿರೀಷಾ ಆ ತುಂಡನ್ನು ಮುಟ್ಟದೆ ಪಾಲು ಮುಗಿಸಿದ ಮೇಲೆ, ಮಧ್ಯಾಹ್ನ ಮುರಳಿ ಬಂದ. ಗುಂಡಿ ಒತ್ತಿದ. ವಿಂಡೋಸ್, ಲಿನಕ್ಸ್ ಎಂದು ಎರಡು ಹೆಸರು ಒಂದರ ಕೆಳಗೊಂದು ಬಂದವು. ತನ್ನದನ್ನು ತೆರೆದು ನೋಡಿ, "ನಿಂದೂ ತೆರಿ, ನೋಡಣ" ಎಂದು ತಂಗಿಯ ಪಕ್ಕ ಕೂತ.

"ಮುಚ್ಚಿಹೋಗಿರೋ ದಾರೀನ ಆಮೇಲೆ ಬಿಡಿಸಬಹುದೇನಮ್ಮ?" ಎಂದರು ತಾತ.

ಕಂಪ್ಯೂಟರಿನದೇ ಮಾತೆಂದುಕೊಂಡ ಶಿರೀಷಾ ಅಂದಳು: "ಬಿಡಿಸಬಹುದು ತಾತ. ಪಕ್ಕದ ಪಾಲಲ್ಲಿ ಒಂಚೂರು ಕಡಿಮೆ ಮಾಡ್ಬೇಕು, ಅಷ್ಟೇ."

ಸಂಜೆಯೊಳಗೆ ರಾಮಾಂಜಿನಪ್ಪನವರು ತಂತಿ ಬಿಚ್ಚಿ ಸುರುಳಿ ಸುತ್ತಿದರು. ತಮ್ಮನ ಬಾಗಿಲಿಗೆ ಹೋಗಿ ನಿಂತರು.

"ತಪ್ಪು ಮಾಡಿದ್ದೆ ಕಣೋ. ನಾಳೆಯಿಂದ ಗಾಡೀನ ನಮ್ಮ ಬದಿಯಿಂದಲೇ ಹೊಡ್ಕೊಂಡು ಬಾ."

ಕೋನಪ್ಪ ಖಾಲಿ ಕೊಟ್ಟಿಗೆಯ ಕಡೆ ಕೈ ತೋರಿಸಿದ.

"ಗಾಡಿ ಎಲ್ಲಿದೆ ಅಣ್ಣ? ದಾರಿ ಮುಚ್ಚಿದ ವರ್ಷಾನೇ ಅದನ್ನ ಮಾರಿಬಿಟ್ಟೆ" ಎಂದ. ಅಣ್ಣ ತಲೆ ತಗ್ಗಿಸಿದ್ದು ಕಂಡು ಮೆಲ್ಲಗೆ ಸೇರಿಸಿದ: "ತಲೆ ಮೇಲೇ ತರ್ತೀನಿ ಬಿಡು. ಕೆರೆ ಸುತ್ತೋದಾದ್ರೂ ತಪ್ತಲ್ಲ."